ಜಗಳದ ಬೀದಿಯಲ್ಲೇ ಮನೆ ಹಿಡಿದೆವು

ಚಳ್ಳಕೆರೆಯಲ್ಲಿ ಬಾಡಿಗೆ ಮನೆ ನೋಡಿಕೊಂಡು ಈಗಷ್ಟೇ ಬಿ.ಜಿ. ಕೆರೆಗೆ ವಾಪಸಾದೆ ಕಣ್ರಪ್ಪಾ, ನಗು ತಡೆಯಲಾಗದೆ ಬರೆಯುತ್ತಿದ್ದೇನೆ. ನಮಗೆ ಬೇಕಿದ್ದದ್ದು ಶಾಂತವಾದ ಬೀದಿ. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಕೆಲಸದಿಂದ ಬರುವ ತನಕ ಮಗಳು ಒಬ್ಬಳೇ ಇರಬೇಕಲ್ಲ.

ಮೊದಲು ನೋಡಿದ ಹೊಸ ಬಡಾವಣೆ ಎಷ್ಟು ಶಾಂತವೆಂದರೆ, ದಾರಿ ಕೇಳೋಣವೆಂದರೂ ಒಂದು ಬಾಗಿಲು ತೆರೆಯಲಿಲ್ಲ.

ಎರಡನೆಯ ಬೀದಿಗೆ ಕಾಲಿಟ್ಟರೆ ಜಗಳ! ಒಬ್ಬಾಕೆ ಅಂಗಳ ತೊಳೆದ ನೀರು ಪಕ್ಕದ ಮನೆಯಾಕೆಯ ರಂಗೋಲಿಗೆ ನುಗ್ಗಿತ್ತು. ರಂಗೋಲಿಯಾಕೆ ಕನ್ನಡದಲ್ಲಿ, ನೀರು ಹಾಕಿದಾಕೆ ತೆಲುಗಿನಲ್ಲಿ, ಇಬ್ಬರಿಗೂ ಚೆನ್ನಾಗಿ ಅರ್ಥವಾಗುವಂತೆ ಬೈದಾಡುತ್ತಿದ್ದರು. "ಬಾರೇ, ಹೋಗಾನ. ಈ ಬೀದಿ ಬ್ಯಾಡ," ಎಂದ ನನ್ನ ಗಂಡ.

ಅಷ್ಟರಲ್ಲಿ ರಂಗೋಲಿಯಾಕೆ ಬೈಯುವುದನ್ನು ನಿಲ್ಲಿಸಿ ಮೂಗರಳಿಸಿದಳು. "ಅಯ್ಯೋ, ನಿನ್ನ ಹಾಲು ಸೀಯ್ತಾ ಐತೆ ಕಣೇ!" ಎಂದವಳೇ ತಾನೇ ಆಕೆಯ ಅಡುಗೆಮನೆಗೆ ಓಡಿ ಒಲೆ ಆರಿಸಿ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹ್ಞಾಂ, ಏನಂದಿ ಆಗ?" ಎಂದು ಜಗಳ ಮುಂದುವರಿಸಿದಳು.

ನಾನು ಒಳಗೆ ಹೋಗಿ ಮನೆಯನ್ನು ಸರಿಯಾಗಿ ನೋಡಲೂ ಇಲ್ಲ, ಒಪ್ಪಿಬಿಟ್ಟೆ. ಮಗಳ ವಿಷಯವನ್ನೂ ಅವರಿಬ್ಬರ ಕಿವಿಗೆ ಹಾಕಿದೆ.

ಹೊರಡುವಾಗ ರಂಗೋಲಿಯಾಕೆ ನನ್ನ ಗಂಡನ ಮೇಲೆ ತಿರುಗಿದಳು: "ಏನ್ರೀ, ನಮ್ಮ ಬಾಗ್ಲಿಗೆ ಅಡ್ಡ ಬೈಕ್ ನಿಲ್ಸಿದೀರಲ್ಲ, ಸ್ಕೂಲ್ ಬಿಟ್ಟ ಮ್ಯಾಲೆ ಆ ಕೂಸು ನಮ್ಮನೆಗೆ ಹೆಂಗ್ ಬರ್ಬೇಕು?" ನೀರು ಹಾಕಿದಾಕೆ, "ಅವುನವುನು!" ಎಂದು ದನಿಗೂಡಿಸಿದಳು.

ಸಾಮಾನು ಇನ್ನೂ ಬಿ.ಜಿ. ಕೆರೆಯಲ್ಲೇ ಇದೆ. ಬೈಗುಳ ಮಾತ್ರ ಆಗಲೇ ಹೊಸ ವಿಳಾಸಕ್ಕೆ ಬರತೊಡಗಿದೆ.