ಓದೋಳು

ನಮ್ಮ ಸರಗೂರಿನವರಿಗೂ ಹಕಾರಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಹಾಲು ನಮ್ಮಲ್ಲಿ ಆಲು, ಹೂವು ಊವು, ಹೊಳೆ ಒಳೆ. ಮಹಾರಾಜರ ಕಾಲದಲ್ಲಿ ನಮ್ಮ ಮಿಡ್ಲ್ ಸ್ಕೂಲಿಗೆ ಮೈಸೂರಿನಿಂದ ಕನ್ನಡ ಮೇಷ್ಟ್ರೊಬ್ಬರು ಬಂದರು. ಮೊದಲ ದಿನವೇ ಅವರಿಗೆ ಇದರ ಬಿಸಿ ತಟ್ಟಿತು. ಹಾಜರಿ ಕರೆಯುವಾಗ ಒಬ್ಬ ಹುಡುಗಿಯ ಹೆಸರಿಗೆ ಉತ್ತರ ಬರಲಿಲ್ಲ. ಅವಳು ನನ್ನ ಪಕ್ಕದಲ್ಲಿ ಕೂರುವವಳು. ಹಾಗಾಗಿ ನಾನೇ ಎದ್ದು ನಿಂತೆ.

"ಊರ್ಗ್ ಓದೋಳು ಇನ್ನೂ ಬಂದಿಲ್ಲ ಮೇಷ್ಟ್ರೇ."

"ಊರಲ್ಲೂ ಓದುತ್ತಾಳೆಯೇ? ಬಹಳ ಸಂತೋಷ. ಏನು ಓದುತ್ತಾಳೆ?"

ನಾನು ಹೇಳಿದ್ದು ಊರಿಗೆ ಹೋದವಳು ಎಂದು. ಅವರಿಗೆ ಕೇಳಿಸಿದ್ದು ಓದುವವಳು ಎಂದು. ತರಗತಿಯೆಲ್ಲ ಘೊಳ್ಳೆಂದಿತು. ಸಂಗತಿ ತಿಳಿದ ಮೇಲೆ ಮೇಷ್ಟ್ರು ನಮಗಿಂತ ಜೋರಾಗಿ ನಕ್ಕರು. ಹಿಂದಿದ್ದ ಮೇಷ್ಟ್ರಾಗಿದ್ದರೆ ನನ್ನ ಅಂಗೈ ಕೆಂಪಾಗುತ್ತಿತ್ತು.

ಮರುದಿನ ಕಪ್ಪು ಹಲಗೆಯ ಮೇಲೆ 'ಪಾಲ್' ಎಂದು ಬರೆದರು, ಅದರ ಕೆಳಗೆ 'ಹಾಲು'. "ಮನೆಯಲ್ಲಿ ಏನಂತೀರಿ?" ಎಂದು ಕೇಳಿದರು. ನಾವು ನಾಚಿಕೊಂಡು "ಆಲು" ಎಂದೆವು. ಅದನ್ನೂ ಕೆಳಗೆ ಬರೆದರು! ನಮ್ಮ ಬಾಯಿಮಾತು ಹಲಗೆಯ ಮೇಲೇರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಳೆಯ ಕವಿಗಳು ಪಾಲ್ ಎಂದರು. ಆಮೇಲೆ ಬಂದವರು ಹಾಲು ಎಂದರು. ನಿಮ್ಮ ಅವ್ವ ಆಲು ಅಂತಾಳೆ. ಎಲ್ಲರೂ ಕುಡಿದದ್ದು ಒಂದೇ ಕಣ್ರೋ. ಪದ್ಯದಲ್ಲಿ ಪಕಾರ ಕಂಡರೆ ಆ ಕವಿ ನಿಮ್ಮ ಮುತ್ತಜ್ಜನ ಮುತ್ತಜ್ಜ ಅಂತ ತಿಳಿದುಕೊಳ್ಳಿ."

ಹೀಗೆ ಶುರುವಾಯಿತು ನಮ್ಮ ಕವಿಗಳ ಪಾಠ. ಮೇಷ್ಟ್ರು ಕವಿಗಳನ್ನು ಪರಿಚಯ ಮಾಡಿಸುತ್ತಿದ್ದದ್ದು ನಡಿಗೆಯಿಂದ. ಆಸ್ಥಾನದ ಕವಿ ಎಂದರೆ ಎದೆ ಸೆಟೆಸಿ ಕೋಣೆಯ ಉದ್ದಕ್ಕೂ ಆನೆಯಂತೆ ನಡೆಯುವರು. ಸಮಾಸ ಮುಗಿಯುವ ಹೊತ್ತಿಗೆ ಗೋಡೆ ಬಂದಿರುತ್ತಿತ್ತು. ಷಟ್ಪದಿಯ ಕವಿ ಬಂದರೆ ಹೆಜ್ಜೆ ಕಿರಿದು, ತಾಳ ತಪ್ಪದು, ಮೂರನೆಯ ಸಾಲಿಗೆ ಬಂದಾಗ ಉಸಿರು ಎಳೆದು ನಿಲ್ಲುವರು. ವಚನಕ್ಕೆ ಮಾತ್ರ ನಡೆಯುತ್ತಿರಲಿಲ್ಲ. ನಮ್ಮ ಮಣೆಯ ಮೇಲೇ ಬಂದು ಕೂತು, "ಇವರು ಹಾಡಲಿಲ್ಲ, ಪಕ್ಕದಲ್ಲಿ ಕೂತು ಮಾತಾಡಿದರು" ಎನ್ನುವರು. ವಿಭೂತಿ ಹಚ್ಚುವ ಮನೆಯ ನನಗೆ ವಚನ ಹೊಸದೇನಲ್ಲ. ಆದರೆ ಹೇಳಿದವರಿಗೆ ಒಂದು ದನಿ ಇತ್ತೆಂಬುದು ನನಗೆ ಹೊಳೆದದ್ದು ಆಗಲೇ.

ಕಲಿತ ವಿದ್ಯೆ ಸುಮ್ಮನಿರಲು ಬಿಡಬೇಕಲ್ಲ! ಊವು ಹೂವಾಗಿ, ಹೂವು ಪೂವಾಗುವುದಾದರೆ ಉಳಿದವೇನು ಪಾಪ ಮಾಡಿವೆ ಎಂದು ನಾವು ಆನೆಯನ್ನು ಹಾನೆ ಮಾಡಿ, ಹಾನೆಯನ್ನು ಪಾನೆ ಮಾಡಿದೆವು. ನಾನು ಮನೆಗೆ ಹೋಗಿ "ಪವ್ವಾ" ಎಂದು ಕೂಗಿದೆ. ಅವ್ವ ಒಲೆ ಬಿಟ್ಟು ಓಡಿಬಂದಳು. "ಏನಾಯ್ತೇ ನಿಂಗೆ? ಗಾಳಿಗೀಳಿ ಸೋಕ್ತಾ?" ಎಂದು ಹಣೆ ಮುಟ್ಟಿ ನೋಡಿ ಮತ್ತೊಂದು ಗೆರೆ ವಿಭೂತಿ ಎಳೆದಳು. ಮೇಷ್ಟ್ರಿಗೆ ಹೇಳಿದಾಗ ಅವರು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, "ಅವ್ವ ಯಾವ ಕಾಲದಲ್ಲೂ ಅವ್ವನೇ ಕಣಮ್ಮ. ಓದು ಅನ್ನುವುದೂ ಅಷ್ಟೇ, ಹಳಗನ್ನಡದಲ್ಲೂ ಓದೇ. ಹೋಗು ಮಾತ್ರ ಪೋಗು" ಎಂದರು.

ಒಬ್ಬ ಕವಿಯನ್ನು ಅವರು ಕೊನೆಗೆ ಇಟ್ಟುಕೊಂಡಿದ್ದರು. "ಆತ ಇನ್ನೂ ಬದುಕಿದ್ದಾನೆ" ಎಂದಾಗ ನಾವು ಬೆಪ್ಪಾದೆವು. ಕವಿ ಎಂದರೆ ಸತ್ತವನು ಎಂದೇ ನಮ್ಮ ಲೆಕ್ಕ. ಬದುಕಿದ್ದಾನೆ, ನಮ್ಮಂತೆ ಮುದ್ದೆ ಉಣ್ಣುತ್ತಾನೆ, ನಾವು ಆಡುವ ಮಾತಿನಲ್ಲೇ ಬರೆಯುತ್ತಾನೆ! ಯಾವಾಗ ಹೇಳುತ್ತೀರಿ ಎಂದು ದಿನವೂ ಪೀಡಿಸುತ್ತಿದ್ದೆ. "ಮೊದಲು ಸತ್ತವರಿಗೆಲ್ಲ ಎಡೆ ಆಗಲಿ" ಎನ್ನುತ್ತಿದ್ದರು.

ಅಷ್ಟರಲ್ಲಿ ನನ್ನ ಲಗ್ನ ನಿಶ್ಚಯವಾಯಿತು. ಗಂಡು ಹೊಳೆಯಾಚೆ, ಹಂಪಾಪುರದ ಕಡೆ. ಸ್ಕೂಲು ಬಂದ್. ನನಗೆ ಗಂಡಿನ ಚಿಂತೆ ಇರಲಿಲ್ಲ, ಸೀರೆಯ ಚಿಂತೆಯೂ ಇರಲಿಲ್ಲ. ಆ ಬದುಕಿರುವ ಕವಿಯನ್ನು ಕೇಳದೆ ಹೋಗುತ್ತೇನಲ್ಲ ಎಂಬುದೊಂದೇ ಸಂಕಟ. ನಗಬೇಡಿ, ನಾನು ಅತ್ತದ್ದು ಅದಕ್ಕೇ.

ಒಂದು ಸಂಜೆ ಮೇಷ್ಟ್ರು ಅಪ್ಪನ ಅಂಗಡಿಗೆ ಬಂದರು. ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ನಾನು ಒಳಗೆ ಬಾಗಿಲ ಹಿಂದೆ ನಿಂತೆ. ಪರೀಕ್ಷೆವರೆಗಾದರೂ ಹುಡುಗಿಯನ್ನು ಕಳಿಸಿ ಎಂದು ಕೇಳಿಕೊಂಡರು.

"ಲಗ್ನ ಕಟ್ಟಿಸಾಯ್ತು ಕಣ್ರೀ ಮೇಷ್ಟ್ರೇ. ಇನ್ನು ಎಣ್ಮಗೀನ ಇಸ್ಕೂಲಿಗೆ ಕಳಿಸುದ್ರೆ ಬೀಗರು ಏನಂದಾರು? ಬುಡಿ. ಬೆಲ್ಲ ಎಷ್ಟು ಕೊಡ್ಲಿ?"

ಅಪ್ಪ ಕೆಟ್ಟವನಲ್ಲ. ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಬೆಲ್ಲದಚ್ಚನ್ನು ಗುಂಡುಕಲ್ಲಿನಿಂದ ಒಡೆಯತೊಡಗಿದ. ಆ ಸದ್ದಿನ ನಡುವೆ ಮೇಷ್ಟ್ರು ಇದ್ದಕ್ಕಿದ್ದಂತೆ ಗಟ್ಟಿಯಾಗಿ ಏನನ್ನೋ ಹಾಡಿದರು. ಅದು ನನಗಾಗಿ, ಒಳಗೆ ಕೇಳಲಿ ಎಂದೇ. ಕಲ್ಲಿನ ಏಟಿನಲ್ಲಿ ಪದಗಳು ಪುಡಿಯಾದವು. ಅಪ್ಪ ತೂಗಲು ಕಲ್ಲು ಕೆಳಗಿಟ್ಟಾಗ ನನಗೆ ಸಿಕ್ಕಿದ್ದು ಕೊನೆಯ ತುಂಡು ಮಾತ್ರ: "ಒಳೆಯಾಚೆ ಓದೋಳೇ..."

ಮೇಷ್ಟ್ರ ಬಾಯಲ್ಲಿ ಹಕಾರ ಒಂದು ದಿನವೂ ಜಾರಿದ್ದಿಲ್ಲ. ಅವತ್ತು ಹೊಳೆ ಎನ್ನಲಿಲ್ಲ, ನಮ್ಮಂತೆ ಒಳೆ ಎಂದರು. ಹಾಗಾದರೆ ಓದೋಳು ಯಾರು? ಹೊಳೆಯಾಚೆ ಹೋದವಳೋ, ಹೊಳೆಯಾಚೆಯೂ ಓದುವವಳೋ? ಮದುವೆಯ ಗಾಡಿ ಹೊಳೆ ದಾಟುವಾಗ ಅವರು ಕಲಿಸಿದಂತೆ ಹಳಗನ್ನಡಕ್ಕೆ ಹಾಕಿ ನೋಡಿದೆ. ಪೋದವಳೋ, ಓದುವವಳೋ? ಎರಡೂ ಹೊಂದುತ್ತಿದ್ದವು. ಮೊದಲ ಬಾರಿ ತವರಿಗೆ ಬಂದಾಗ ಕೇಳೋಣವೆಂದು ಸ್ಕೂಲಿನ ಹತ್ತಿರ ಹೋದೆ. ಮೇಷ್ಟ್ರಿಗೆ ಪಿರಿಯಾಪಟ್ಟಣದ ಕಡೆಗೆ ವರ್ಗವಾಗಿತ್ತು. ಆ ಸಾಲು ಆಮೇಲೆ ಅಚ್ಚಾದ ಯಾವ ಪುಸ್ತಕದಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಬದುಕಿದ್ದ ಆ ಕವಿ ಮೇಷ್ಟ್ರೇ ಆಗಿದ್ದಿರಬೇಕು. ಒಮ್ಮೆ ಅವರ ಮುಂದೆ ಕೂತು ಪೂರ್ತಿ ಪದ್ಯ ಕೇಳಬೇಕೆಂಬ ಆಸೆ ಈ ವಯಸ್ಸಿನಲ್ಲೂ ಹೋಗಿಲ್ಲ.

ಗಂಡನ ಮನೆಯಲ್ಲಿ ಅಕ್ಷರವೆಂದರೆ ಪಂಚಾಂಗ, ಅದೂ ಐನೋರು ಬಂದಾಗ. ನಾನು ಶಾಲೆಗೆ ಹೋಗಿದ್ದ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಹೇಳಲಿಲ್ಲ. ಷಟ್ಪದಿ ಬೀಸುವ ಕಲ್ಲಿನ ಜೊತೆ ಬಾಯೊಳಗೇ ತಿರುಗುತ್ತಿತ್ತು. ಒಂದು ಬೆಳಿಗ್ಗೆ ಬಾವಿಯಿಂದ ಬಿಂದಿಗೆ ಹೊತ್ತು ಬರುತ್ತಿದ್ದೆ. ಜಗಲಿಯ ಮೇಲೆ ಯಾರೋ ನೆಂಟರು ನನ್ನನ್ನು ವಿಚಾರಿಸುತ್ತಿದ್ದರು. ನನ್ನ ಯಜಮಾನರು ಬೀದಿಯತ್ತ ಕತ್ತು ಚಾಚಿ ಹೇಳಿದರು:

"ಬಾವಿಗ್ ಓದೋಳು ಇನ್ನೂ ಬಂದಿಲ್ಲ."

ಅವರು ಏನು ಹೇಳಿದರೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಬೇಲಿಯ ಮರೆಯಲ್ಲಿ ಬಿಂದಿಗೆ ಇಳಿಸಿ ನಿಂತುಬಿಟ್ಟೆ. ಆ ಮನೆಯಲ್ಲಿ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಅವರು ಇನ್ನೊಂದು ಸಲ ಅನ್ನಲಿ ಎಂದು ಕಾದೆ.