ತೋಳದ ಬಾಯಿಗೆ ಬಿದ್ದ ನಾನು

ಕೊರೋನಾದ ಮೊದಲ ವರ್ಷ, ಜಪಾನಿನ ಯೋಕೋಹಾಮಾದ ನನ್ನ ಒಂದೂವರೆ ಕೋಣೆಯ ಮನೆಯೊಳಕ್ಕೆ ಆಫೀಸೂ ಬಂದು ಕೂತಿತ್ತು. ಆಗ ಒಂದು ದಿನ ನನ್ನ ಮಿಕ್ಸಿಯ ಮೇಲೆ ದೂರು ಬಂತು. ಬಾಗಿಲಲ್ಲಿ ಪಕ್ಕದ ಮನೆಯ ಇಟಲಿಯವಳು. ಮಾಸ್ಕಿನ ಮೇಲೆ ಎರಡು ಕಣ್ಣು, ಎರಡು ಸಿಟ್ಟಿನ ಹುಬ್ಬು.

"ಸುಮಿಮಾಸೆನ್, ಕ್ಷಮಿಸಿ. ನಾನು ಆನ್‌ಲೈನಲ್ಲಿ ಇಟಾಲಿಯನ್ ಪಾಠ ಹೇಳ್ತೀನಿ. ದಿನಾ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಏನನ್ನು ಕೊಲ್ತಾರೆ ಅಂತ ವಿದ್ಯಾರ್ಥಿಗಳು ಕೇಳ್ತಿದ್ದಾರೆ."

"ತೆಂಗಿನಕಾಯಿ" ಅಂದೆ.

ಮಾರನೇ ದಿನ ಇಡ್ಲಿ ಚಟ್ನಿ ಕೊಟ್ಟು ರಾಜಿಯಾದೆ. ಸ್ನೇಹ ಬೆಳೆದ ಮೇಲೆ ಗೊತ್ತಾಯಿತು, ಅವಳು ಕಾದಂಬರಿ ಬರೆಯುತ್ತಿದ್ದಳು. ಅದೂ ಫೋನಿನಲ್ಲಿ, ಹೆಬ್ಬೆರಳಿನಿಂದ. ದಿನಕ್ಕೊಂದು ತುಣುಕು ಹಾಕಿದರೆ ಸಂಜೆಯೊಳಗೆ ಇಟಲಿಯ ಓದುಗರು ಕೆಳಗೆ ಸಾಲಾಗಿ ಅಭಿಪ್ರಾಯ ಬರೆಯುತ್ತಿದ್ದರು.

"ನಮ್ಮ ಹಳೇ ಲೇಖಕರದು ಒಂದು ವಾಕ್ಯ ಅಂದ್ರೆ ಅರ್ಧ ಪುಟ. ನಾನು ಹಾಗೆ ಬರೆದರೆ ವಾಕ್ಯ ಮುಗಿಯೋ ಮೊದಲೇ ಓದುಗರು ಬೆರಳು ಜಾರಿಸಿಕೊಂಡು ಹೋಗಿಬಿಡ್ತಾರೆ" ಎಂದು ನಕ್ಕಳು.

ಆ ಕಾದಂಬರಿಯಲ್ಲಿ ನಾನೂ ಇದ್ದೆ. ಬೆಳಗಾದರೆ ತೆಂಗಿನಕಾಯಿ ರುಬ್ಬುವ, ಜಪಾನೀ ಭಾಷೆಯ ಪರೀಕ್ಷೆಗೆ ಓದುವ ಭಾರತೀಯ ನೆರೆಯವಳು. ಅನುವಾದದ ಆ್ಯಪಿಗೆ ಹಾಕಿ ಕನ್ನಡದಲ್ಲಿ ಓದಿಕೊಳ್ಳುತ್ತಿದ್ದೆ. ಕನ್ನಡ ಅಂದರೆ ಹೇಗೋ ಒಂದು ಕನ್ನಡ. ಓದುಗರು ಆಗಾಗ "ಕೊಡು! ಕೊಡು!" ಎಂದು ಕೂಗುತ್ತಿದ್ದರು. ಏನನ್ನು ಕೊಡಬೇಕೋ ತಿಳಿಯುತ್ತಿರಲಿಲ್ಲ.

ನನ್ನ ಪಾತ್ರ ಪರೀಕ್ಷೆಗೆ ಹೊರಟ ದಿನ ಓದುಗರ ಮಾತನ್ನು ಎರಡೆರಡು ಸಲ ಓದಿದೆ. ಒಬ್ಬರು "ತೋಳದ ಬಾಯಿಗೆ!" ಎಂದಿದ್ದರು. ಕೆಳಗೆ ಮತ್ತೊಬ್ಬರು "ಸಾಯಲಿ!" ಇನ್ನೊಬ್ಬರು ಹೃದಯದ ಚಿತ್ರ ಬೇರೆ ಹಾಕಿ, "ಸಾಯಲಿ, ಸಾಯಲಿ!"

ಮೈಸೂರಿನಲ್ಲಿದ್ದ ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ತಮಾಷೆಗೆ ಹೇಳಿದೆ. ಅಮ್ಮನಿಗೆ ತಮಾಷೆ ಅನ್ನಿಸಲಿಲ್ಲ.

"ಅದೇನು ಜನಾನೇ? ಪರೀಕ್ಷೆಗೆ ಹೋಗೋ ಹುಡುಗೀಗೆ ಹಂಗಂತಾರಾ? ಆ ಲಿಂಕ್ ಕಳಿಸು."

ಕಳಿಸಿದೆ. ಅಮ್ಮ ಆ್ಯಪಿನ ನೆರವಿನಿಂದ ಇಟಾಲಿಯನ್ನಿನಲ್ಲಿ ಬರೆದೇಬಿಟ್ಟಳು: "ಅವಳು ಒಳ್ಳೆಯ ಹುಡುಗಿ. ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲ, ಅಷ್ಟೇ. ದಯವಿಟ್ಟು ಕೊಲ್ಲಬೇಡಿ." ಹಿಂದೆಯೇ ದೊಡ್ಡಮ್ಮ ಬಂದರು, ಚಿಕ್ಕಪ್ಪ ಬಂದರು, ಲಾಕ್‌ಡೌನಿನಲ್ಲಿ ಮಾಡಲು ಬೇರೆ ಕೆಲಸವಿಲ್ಲದ ಇಡೀ ಬಳಗ ಬಂತು.

ಮಾರನೇ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಇಟಲಿಯವಳ ಕೈಯಲ್ಲಿ ಫೋನು.

"ನಿನ್ನನ್ನ ಯಾರು ಕೊಲ್ತಿದ್ದಾರೆ?"

"ನಿನ್ನ ಓದುಗರೇ!" ಎಂದು ತೋರಿಸಿದೆ.

ಅವಳು ನಗುತ್ತಾ ಗೋಡೆ ಹಿಡಿದುಕೊಂಡಳು. ಕೊಡು ಕೊಡು ಎಂದರೆ ನಡಿ ನಡಿ ಎಂದು ಹುರಿದುಂಬಿಸುವುದಂತೆ. ತೋಳದ ಬಾಯಿಗೆ ಎನ್ನುವುದು ಅವರಲ್ಲಿ ಆಲ್ ದಿ ಬೆಸ್ಟ್ ಹೇಳುವ ರೀತಿಯಂತೆ. ಅದಕ್ಕೆ ಸಾಯಲಿ ಎಂದು ಉತ್ತರ ಕೊಡಬೇಕಂತೆ. ಸಾಯಬೇಕಾದ್ದು ತೋಳ, ನಾನಲ್ಲ.

ಆಮೇಲೆ ಅವಳ ನಗು ನಿಂತಿತು. "ಆದರೆ ನಿನ್ನ ಅಮ್ಮ ಬರೆದದ್ದು ಓದಿ ಎಲ್ಲರೂ ಈಗ ನಿನ್ನ ಸಾವಿಗೆ ಕಾಯ್ತಿದ್ದಾರೆ. ಏನೂ ಆಗದಿದ್ರೆ ಬೇಜಾರು ಮಾಡ್ಕೋತಾರೆ."

ಬಾಲ್ಕನಿಯಲ್ಲಿ, ಎರಡು ಮನೆಗಳ ನಡುವಿನ ತೆಳ್ಳನೆಯ ಹಲಗೆಯ ಆಚೀಚೆ ನಿಂತು, ನನ್ನ ಹಣೆಬರಹದ ಚೌಕಾಸಿ ನಡೆಯಿತು. ಅವಳು ನ್ಯುಮೋನಿಯಾ ಎಂದಳು. ಅಮ್ಮ ತಡೆದುಕೊಳ್ಳಲ್ಲ, ಬೇಡ ಎಂದೆ. ಕೊನೆಗೆ ಸೈಕಲ್ಲಿನಿಂದ ಬಿದ್ದು ಕಾಲು ಮುರಿಯುವುದು ಎಂದಾಯಿತು.

"ಎಡಗಾಲು. ಆದರೆ ಪರೀಕ್ಷೆ ಪಾಸಾಗಬೇಕು" ಎಂದೆ.

"ಅದನ್ನ ಓದುಗರು ಹೇಳಬೇಕು" ಎಂದಳು ಅವಳು, ನ್ಯಾಯಾಧೀಶೆಯ ಹಾಗೆ.

ಓದುಗರು ಪಾಸು ಮಾಡಿಸಿದರು. ಕಾಲಿನ ವಿಚಾರವನ್ನಂತೂ ದಿನವೂ ಕೇಳಿದರು. ಯಾರೋ ಮೂಳೆಗೆ ಒಳ್ಳೆಯದೆಂದು ಸೂಪಿನ ವಿಧಾನ ಬರೆದರು. ದೊಡ್ಡಮ್ಮ ರಾಗಿ ಗಂಜಿ ಮೇಲು ಎಂದು ವಾದಕ್ಕಿಳಿದರು. ಕೊಂಬಿನಿ ಎಂಬ ಬೀದಿ ಮೂಲೆಯ ಅಂಗಡಿಯ ಹುಡುಗಿ ಬಿಟ್ಟರೆ ಮುಖಾಮುಖಿ ಮಾತಾಡುವವರೇ ಇಲ್ಲದ ತಿಂಗಳುಗಳವು. ನೆಟ್ಟಗಿದ್ದ ನನ್ನ ಕಾಲಿಗೆ ಕಾಣದ ಊರಿನವರು ಮರುಗುತ್ತಿದ್ದರೆ ಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಅದನ್ನೇ ಓದುತ್ತಿದ್ದೆ. ಒಮ್ಮೆ ಕುರ್ಚಿಯಿಂದ ಏಳುವಾಗ ಕುಂಟಿದ್ದೂ ಉಂಟು.

ಗಡಿಗಳು ತೆರೆದ ಮೇಲೆ ಅವಳು ಊರಿಗೆ ಹೋದಳು. ಕಾದಂಬರಿ ಪುಸ್ತಕವಾಯಿತು. ಓದುಗರ ಮಾತುಗಳಿಲ್ಲದೆ ಕತೆ ಅರ್ಥವಾಗುವುದಿಲ್ಲವೆಂದು ಪ್ರಕಾಶಕರು ಕೆಲವನ್ನು ಕೆಳಗೆ ಹಾಗೇ ಅಚ್ಚು ಹಾಕಿದ್ದರು. ಅಮ್ಮನದೂ ಇತ್ತು. ಆ ಪುಟದ ಫೋಟೋ ಮೈಸೂರಿಗೆ ಕಳಿಸಿದೆ.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಅಮ್ಮ ಅದನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದಳು.

"ಸ್ಪೆಲಿಂಗ್ ಎಲ್ಲಾ ಸರಿಯಾಗಿ ಹಾಕಿದ್ದಾರಾ?" ಎಂದು ಕೇಳಿದಳು.