ಚೌತಿ ಎಂದು ಹೇಳಿದ ಶನಿವಾರ

ದೇವರ ಪಾತ್ರೆಗಳಿಗೆ ಹುಣಸೆಹುಳಿ ಹಚ್ಚಿಕೊಂಡು ಬಾವಿಕಟ್ಟೆಯ ಹತ್ತಿರ ಕೂತಿದ್ದೆ. ಆರತಿ ತಟ್ಟೆ ಬೆಳಗಿ ಆಗಿತ್ತು. ತಾಮ್ರದ ಚೆಂಬು ಅರ್ಧ ಕೆಂಪು, ಅರ್ಧ ಕಪ್ಪು. ಹಾಲು ತರುವ ಹೆಂಗಸು ಬಂದವಳು ಕ್ಯಾನು ಕೆಳಗಿಡದೆ ಹೇಳಿದಳು.

"ಅಮ್ಮ, ದೋಣಿ ಅಜ್ಜ ಹೋದ್ರ್. ಬೆಳಿಗ್ಗೆ ಚಾ ಕುಡ್ದ್ ಮನಿಕಂಡವ್ರ್ ಏಳ್ಲೇ ಇಲ್ಲೆ."

"ಹೌದಾ" ಎಂದೆ. ಉಳಿದ ಮನೆಗಳಿಗೆ ಹಾಲು ಕೊಟ್ಟು ತಿರುಗಿ ಬರುತ್ತೇನೆ, ಒಂದು ಕೇಳುವುದಿದೆ ಎಂದು ಅವಳು ಹೋದಳು. ಕೈಯ ಹುಳಿ ವಾಸನೆ ಮೂಗಿಗೆ ಬರುತ್ತಲೇ ಇತ್ತು. ಅಳು ಬರಲಿಲ್ಲ. ಕಣ್ಣು ಮಾತ್ರ ಬಾಗಿಲಾಚೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರಿಗೆ ಹೋಗಿ ನಿಂತಿತು...

ಆ ಕ್ಯಾಲೆಂಡರಿಗೂ ಅಜ್ಜನಿಗೂ ಹಳೆಯ ಸಂಬಂಧ. ಹರೆಯದಲ್ಲಿ ಮೀನಿನ ದೋಣಿ, ಆಮೇಲೆ ಹೊಳೆ ದಾಟಿಸುವ ದೋಣಿ, ಸೇತುವೆ ಆದ ಮೇಲೆ ಎಂತದೂ ಇಲ್ಲ. ಹಾಗಿರುವಾಗ ಹೊಳೆಬದಿಯಲ್ಲಿ ಆ ಅಂತಾರಾಷ್ಟ್ರೀಯ ವಸತಿ ಶಾಲೆ ಬಂತು. ದುಬೈಯ ಮಕ್ಕಳು, ಮುಂಬಯಿಯ ಮಕ್ಕಳು, ಕೊರಿಯಾದ ಇಬ್ಬರು. ಅಲ್ಲಿ ಶನಿವಾರ ಪಾಠ ಇಲ್ಲ. ಕೆಲವರಿಗೆ ಕುದುರೆ, ಕೆಲವರಿಗೆ ಪಿಟೀಲು, ಕೆಲವರಿಗೆ ಕಯಾಕ್ ಎಂಬ ಸಪೂರ ದೋಣಿ. ಕಯಾಕಿನ ಮಕ್ಕಳಿಗೆ ಹೊಳೆ ಗೊತ್ತಿರುವ ಒಬ್ಬರು ಬೇಕೆಂದು ಅಜ್ಜನನ್ನು ಕರೆದರು. ಎಪ್ಪತ್ತರ ಹತ್ತಿರದ ಪ್ರಾಯದಲ್ಲಿ ಅವರಿಗೊಂದು ನೀಲಿ ಅಂಗಿ ಸಿಕ್ಕಿತು, ಬೆನ್ನಿನ ಮೇಲೆ ಇಂಗ್ಲಿಷಿನಲ್ಲಿ 'ಕೋಚ್' ಎಂದು ಬರೆದದ್ದು. ಅದನ್ನು ಇಸ್ತ್ರಿ ಮಾಡಿಸಿಕೊಂಡು ದೇವಸ್ಥಾನಕ್ಕೂ ಹಾಕಿಕೊಂಡು ಬರುತ್ತಿದ್ದರು. ಒಳಗೆ ಹೋಗುವಾಗ ತೆಗೆದು, ಮಡಚಿ, ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು.

ಪ್ರತಿ ಶನಿವಾರ ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಸೈಕಲ್ ನಿಲ್ಲುತ್ತಿತ್ತು. "ಹ್ವಾಯ್ ಅಮ್ಮ, ಇವತ್ತ್ ತಿಥಿ ಎಂತ?"

ಹೊಳೆಯ ನೀರು ಏರುವುದು, ಇಳಿಯುವುದು ಎಲ್ಲ ಅವರಿಗೆ ತಿಥಿಯ ಲೆಕ್ಕದಲ್ಲಿ. ಒಂದು ತಿಥಿ ಮುಂದೆ ಹೋದರೆ ನೀರು ಮುಕ್ಕಾಲು ಗಂಟೆ ತಡ. ಕ್ಯಾಲೆಂಡರಿನ ಸಣ್ಣ ಅಕ್ಷರ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ಶಾಲೆಯವರ ಮೊಬೈಲಿನಲ್ಲಿ ನೀರಿನ ಹೊತ್ತು ಬರುತ್ತದಲ್ಲ ಎಂದು ನಮ್ಮ ಯಜಮಾನರು ಒಮ್ಮೆ ಕೇಳಿದ್ದಕ್ಕೆ, "ಅದ್ ಸಮುದ್ರದ್ದ್. ನಮ್ ಹೊಳಿ ಮೊಬೈಲ್ ಕಾಣೂದಿಲ್ಲೆ" ಎಂದು ನಕ್ಕಿದ್ದರು.

ಗೇಟಿನಲ್ಲೇ ನನಗೆ ಆ ಶಾಲೆಯ ಸುದ್ದಿಯೆಲ್ಲ ಸಿಗುತ್ತಿತ್ತು. ನೀರು ಕಂಡರೆ ಹೆದರುತ್ತಿದ್ದ ಹುಡುಗಿ ಈಗ ದೋಣಿಯಿಂದ ಇಳಿಯಲು ಒಪ್ಪುವುದಿಲ್ಲವಂತೆ. ಕೊರಿಯಾದ ಮಕ್ಕಳು ಒಂದು ದೋಣಿಯಿಂದ ಇನ್ನೊಂದಕ್ಕೆ "ಹ್ವಾಯ್!" ಎಂದು ಕೂಗುತ್ತಾರಂತೆ. "ಅಪ್ಪ ಅಮ್ಮನ್ನ ಬಿಟ್ಟ್ ಬಂದ ಮಕ್ಕಳ್ ಅಲ್ದಾ ಅಮ್ಮ, ಶನಿವಾರ ಒಂದ್ ನಗಾಡ್ತೋ" ಎನ್ನುತ್ತಿದ್ದರು. ನಾನು ಆ ಶಾಲೆಯ ಒಳಗೆ ಹೋದವಳಲ್ಲ. ಆದರೂ ಆ ಮಕ್ಕಳ ಹೆಸರಿನಲ್ಲಿ ಶನಿವಾರ ಒಂದು ತುಪ್ಪದ ದೀಪ ಇಡುತ್ತಿದ್ದೆ.

ದೀಪಾವಳಿ ಕಳೆದ ಮೇಲಿನ ಸಂಕಷ್ಟಿ ಶನಿವಾರವೇ ಬಂದಿತ್ತು. ಉಪವಾಸದವಳು, ಕಡುಬಿಗೆ ಅಕ್ಕಿ ನೆನೆಹಾಕುತ್ತಿದ್ದೆ. ಗೇಟಿನಿಂದ ಅಜ್ಜ ಕೇಳಿದರು. ಕ್ಯಾಲೆಂಡರ್ ನೋಡಬೇಕು ಎಂದೇ ಅನಿಸಲಿಲ್ಲ. ಸಂಕಷ್ಟಿ ಎಂದರೆ ಚೌತಿ ಅಲ್ಲವೇ? "ಚೌತಿ ಅಜ್ಜ" ಎಂದು ಒಳಗಿನಿಂದಲೇ ಕೂಗಿದೆ.

ಚೌತಿಯಾದರೆ ಮೂರು ಗಂಟೆಗೆ ಹೊಳೆ ತುಂಬಿ ನಿಂತಿರುತ್ತದೆ, ಐದರವರೆಗೆ ಭಯವಿಲ್ಲ. ಆ ಲೆಕ್ಕದಲ್ಲಿ ಅವರು ಎಂಟು ಮಕ್ಕಳನ್ನು ಹೊಳೆಯ ನಡುವೆ ದ್ವೀಪದ ಹಾಗಿರುವ ಕುದ್ರುವಿನವರೆಗೆ ಕರೆದುಕೊಂಡು ಹೋದರು. ತಿರುಗಿ ಬರುವಾಗ ನೀರು ಬಸಿದು ಹೋಗಿತ್ತು. ಮಕ್ಕಳು ಇಬ್ಬಿಬ್ಬರಾಗಿ ಕೂತಿದ್ದ ನಾಲ್ಕು ಕಯಾಕ್‌ಗಳೂ ಕೆಸರಿನಲ್ಲಿ ಕೂತವು. ಅಜ್ಜ ಸೊಂಟದವರೆಗಿನ ಕೆಸರಿಗೆ ಇಳಿದು, ಒಂದೊಂದೇ ಮಗುವನ್ನು ಬೆನ್ನಿನ ಮೇಲೆ ಹೊತ್ತು ಕುದ್ರುವಿಗೆ ಸಾಗಿಸಿದರು. ಚಿಪ್ಪು ತಾಗಿ ಕಾಲೆಲ್ಲ ಹರಿದಿತ್ತು. ಅಲ್ಲಿಯ ಮನೆಯವರು ಮಕ್ಕಳಿಗೆ ಎಳನೀರಿನ ಬೊಂಡ ಕೆತ್ತಿ ಕೊಟ್ಟರು. ಕುದ್ರುವಿನ ಆಚೆ ಬದಿಯ ಆಳದಲ್ಲಿ ಮೀನಿನ ದೋಣಿ ಬಂದು, ಕತ್ತಲಾಗುವ ಮೊದಲು ಎಲ್ಲರೂ ದಡ ಸೇರಿದರು. ಮಕ್ಕಳಲ್ಲಿ ಯಾರಿಗೂ ಒಂದು ಗೀರೂ ಆಗಲಿಲ್ಲ. ಅಷ್ಟು ದೇವರ ದಯೆ. ಮಕ್ಕಳಿಗಂತೂ ಅದು ಹಬ್ಬವಾಗಿತ್ತಂತೆ. ಆ ಖುಷಿಯಲ್ಲೇ ಒಬ್ಬಳು ದುಬೈಯ ತಾಯಿಗೆ ಫೋನಿನಲ್ಲಿ ಹೇಳಿದಳು. ಸೋಮವಾರ ಶಾಲೆಯವರು ಅಜ್ಜನನ್ನು ಕೆಲಸದಿಂದ ಬಿಡಿಸಿದರು. ನೀಲಿ ಅಂಗಿಯನ್ನೂ ವಾಪಸು ಕೇಳಿದರು.

ಇದನ್ನೆಲ್ಲ ಹೇಳಿದವಳು ಇದೇ ಹಾಲಿನವಳು. ಆವತ್ತು ಅವಳು ಹೋದ ಮೇಲೆ ಕನ್ನಡಕ ಹಾಕಿಕೊಂಡು ಕ್ಯಾಲೆಂಡರಿನ ಮುಂದೆ ನಿಂತೆ. ಸಂಕಷ್ಟಿಗೆ ಚಂದ್ರ ಹುಟ್ಟುವಾಗ ಚೌತಿ ಇದ್ದರೆ ಸಾಕು. ಆ ಶನಿವಾರದ ಚೌಕದಲ್ಲಿ ಸಣ್ಣದಾಗಿ ಬರೆದಿತ್ತು, ಮಧ್ಯಾಹ್ನ ಮೂರೂ ಹತ್ತರವರೆಗೆ ತದಿಗೆ, ಚೌತಿ ಆಮೇಲೆ. ಅಜ್ಜನ ಲೆಕ್ಕಕ್ಕೆ ಬೇಕಾದದ್ದು ಸೂರ್ಯ ಹುಟ್ಟುವಾಗಿನ ತಿಥಿ. ಮುಕ್ಕಾಲು ಗಂಟೆಯ ನೀರನ್ನು ನಾನು ಬಾಯಿಮಾತಿನಲ್ಲಿ ಕಳೆದಿದ್ದೆ.

ಶಾಲೆಯವರು ಕೇಳಿದಾಗ ಅಜ್ಜ, "ಲೆಕ್ಕ ನಂದೇ ತಪ್ಪಿತ್" ಎಂದರಂತೆ. ನನ್ನ ಸುದ್ದಿಯನ್ನೇ ಎತ್ತಲಿಲ್ಲ. ನಾನು ಹೋಗಿ ಹೇಳಿ ಬರುತ್ತೇನೆ ಎಂದೆ. ಯಜಮಾನರು, "ಅಲ್ಲಿ ಹೋಯಿ ಎಂತ ಹೇಳ್ತೆ? ಸಂಕಷ್ಟಿ ಕಥಿಯಾ?" ಎಂದರು. ನನಗೂ ಕಾಲು ಏಳಲಿಲ್ಲ. ನಾಳೆ ಹೋಗುವ ಎಂದುಕೊಂಡೆ. ನಾಳೆ ಏಕಾದಶಿ ಬಂತು, ಆಮೇಲೆ ನೆಂಟರು ಬಂದರು...

ಎಷ್ಟೋ ತಿಂಗಳ ಮೇಲೆ ಒಂದು ಶನಿವಾರ ಮತ್ತೆ ಸೈಕಲ್ ನಿಂತಿತು. ಬಿಳಿ ಬನಿಯನ್, ಕಾಲಿನ ಮೇಲೆ ಕಲೆಗಳು. "ಹ್ವಾಯ್ ಅಮ್ಮ, ಇವತ್ತ್ ತಿಥಿ ಎಂತ?"

ನಾನು ಓಡಿಹೋಗಿ ನೋಡಿಕೊಂಡು ಬಂದು, ಗಂಟೆ ನಿಮಿಷ ಸಮೇತ ಹೇಳಿದೆ. ಅಜ್ಜ ನಕ್ಕರು. "ಅಷ್ಟೆಲ್ಲ ಬ್ಯಾಡ ಅಮ್ಮ. ನಂಗೀಗ ಎಲ್ಲಿ ನೀರ್? ಸುಮ್ನೆ ಕೇಂಡದ್ದ್."

"ಅಜ್ಜ, ಆವತ್ತ್ ನಾನ್..." ಎಂದೆ.

"ಆವತ್ತ್ ಹೊರಡುವಾಗ ಹೊಳಿ ಕಟ್ಟೆ ಕಲ್ಲ್ ಒದ್ದೆ ಇದ್ದದ್ ನಾನೇ ಕಂಡಿದೆ ಅಮ್ಮ. ನೀರ್ ಇಳೂಕೆ ಸುರು ಆಯ್ತ್ ಅಂದೇಳಿ ನಂಗೇ ಗೊತ್ತಾಯ್ಕಿತ್, ನಂದೇ ತಪ್ಪ್. ಬತ್ತೆ" ಎಂದು ಸೈಕಲ್ ಹತ್ತಿದರು. ನನ್ನ ಮಾತು ಅರ್ಧಕ್ಕೇ ನಿಂತಿತು. ಇವತ್ತಿಗೂ ಅದು ಅಲ್ಲೇ ಇದೆ.

ಹಾಲಿನವಳು ತಿರುಗಿ ಬಂದಳು. "ಅಮ್ಮ, ಅಜ್ಜನ ಮಗ ಕೇಂಡ್ಕಂಡ್ ಬಾ ಅಂದ್ರ್. ಇವತ್ತ್ ತಿಥಿ ಎಂತ? ವರ್ಷದ ಶ್ರಾದ್ಧದ ಕೆಲ್ಸಕ್ಕೆ ಬೇಕಲ್ದಾ."

"ಜೀವ ಹೋದದ್ದು ಎಷ್ಟೊತ್ತಿಗೆ?" ಎಂದು ಕೇಳಿದೆ.

"ಎಂಟ್ ಗಂಟಿ ಒಳಗೇ. ಎಂಟಕ್ಕೆ ಸೊಸಿ ಕರೂಕೆ ಹೋದಾಗ ಮೈ ತಣ್ಣಗಾಯಿತ್ತ್."

ಕೈ ತೊಳೆದು, ಕನ್ನಡಕ ಹಾಕಿಕೊಂಡು ಹೋಗಿ ನೋಡಿದೆ. ಒಂಬತ್ತೂ ಕಾಲರವರೆಗೆ ಸಪ್ತಮಿ. ಬೆರಳಿಟ್ಟು ಇನ್ನೊಮ್ಮೆ ನೋಡಿದೆ. ಚೀಟಿಯಲ್ಲಿ ಮಾಸ, ಪಕ್ಷ, ಸಪ್ತಮಿ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಅವಳ ಕೈಗೆ ಕೊಡುವ ಮೊದಲು ಮತ್ತೊಮ್ಮೆ ಹೋಗಿ ನೋಡಿ ಬಂದೆ.

ಅವಳು ಹೋದಳು. ಬಾವಿಕಟ್ಟೆಯಲ್ಲಿ ಚೆಂಬಿಗೆ ಹಚ್ಚಿದ್ದ ಹುಳಿ ಒಣಗಿ ಹೋಗಿತ್ತು. ಸ್ವಲ್ಪ ನೀರು ಚಿಮುಕಿಸಿ, ಉಳಿದ ಅರ್ಧವನ್ನು ತಿಕ್ಕತೊಡಗಿದೆ.